ಮೋಟಾರಿನ ನಾಡಿಪರೀಕ್ಷೆ

ಚಿತ್ರದುರ್ಗದ ಸೀಮೆಯವರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅರಬ್ಬೀ ಸಮುದ್ರದಿಂದ ಹೊರಟ ಮುಂಗಾರಿನ ಮೋಡಗಳು ತಮ್ಮ ಹೊರೆಯ ಬಹುಪಾಲನ್ನು ಪಶ್ಚಿಮ ಘಟ್ಟಗಳಲ್ಲಿಯೇ ಇಳಿಸಿ, ಹಗುರವಾಗಿ ಈ ಬಯಲಿಗೆ ತೇಲಿಬರುತ್ತವೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬಿದ್ದರೆ ಅದೇ ಇಲ್ಲಿನ ಭಾಗ್ಯ. ಆದುದರಿಂದಲೇ ಈ ನೆಲದ ಜನರು ಹಿಂದಿನಿಂದಲೂ ನೀರನ್ನು ಜೋಪಾನ ಮಾಡುವ ವಿದ್ಯೆಯನ್ನು ಕಲಿತಿದ್ದರು. ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿಯರ ಹೊಂಡ ಮೊದಲಾದವು ಮೇಲಿನ ನೀರು ಕೆಳಗಿನದಕ್ಕೆ ಹರಿದು ತುಂಬುವಂತೆ ರಚನೆಗೊಂಡಿವೆ. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಕಟ್ಟಿದ ವಾಣಿ ವಿಲಾಸ ಸಾಗರದ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಆ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ನಡುವೆ ಎಂಬತ್ತೊಂಬತ್ತು ವರ್ಷಗಳು ಉರುಳಿದ್ದವು. ಈ ಒಂದು ಸಂಗತಿಯೇ ಈ ನಾಡಿನ ಮಳೆಯ ಸ್ವಭಾವವನ್ನು ತಿಳಿಸಲು ಸಾಕು.

ಕೆರೆ, ಹೊಂಡ, ತೆರೆದ ಬಾವಿಗಳ ಕಾಲ ಹಿಂದಕ್ಕೆ ಸರಿದು ಈಗ ಕೊಳವೆಬಾವಿಯ ಕಾಲ ನಡೆದಿದೆ. ಹೊಳಲ್ಕೆರೆಯ ಅಡಿಕೆ, ಹೊಸದುರ್ಗದ ತೆಂಗು, ಹಿರಿಯೂರಿನ ದಾಳಿಂಬೆ, ಎಲ್ಲವೂ ನೂರಾರು ಅಡಿಗಳ ಆಳದಿಂದ ಮೇಲೆ ಬರುವ ನೀರನ್ನು ನಂಬಿ ನಿಂತಿವೆ. ಆ ನೀರನ್ನು ಮೇಲೆತ್ತುವುದು ಕೊಳವೆಯ ತಳದಲ್ಲಿ, ನೀರಿನಲ್ಲಿಯೇ ಮುಳುಗಿ ಕೆಲಸಮಾಡುವ ಒಂದು ವಿದ್ಯುತ್ ಮೋಟಾರು. ಅದನ್ನು ಹೊತ್ತು ನಿಂತ ರೈತನು ಅದನ್ನು ಕಣ್ಣಿನಿಂದ ಕಾಣಲಾರ. ಅದರ ಸದ್ದನ್ನೂ ಕೇಳಲಾರ. ಮೇಲೆ ಕಾಣುವುದು ಒಂದು ಕೊಳವೆಯ ಬಾಯಿ, ಒಂದು ಕರಿಯ ಕೇಬಲ್ಲು, ಗೋಡೆಗೆ ಹೊಡೆದ ಒಂದು ಸ್ಟಾರ್ಟರ್ ಪೆಟ್ಟಿಗೆ, ಇಷ್ಟೇ. ಬೇಸಗೆಯ ಒಂದು ಬೆಳಿಗ್ಗೆ ಗುಂಡಿಯನ್ನೊತ್ತಿದಾಗ ನೀರು ಬರಲಿಲ್ಲವೆಂದರೆ ಅವನ ಎದೆ ಧಸಕ್ಕೆನ್ನುತ್ತದೆ. ಐದಾರು ವರ್ಷ ಮಗುವಿನಂತೆ ಸಾಕಿದ ಅಡಿಕೆಯ ಗಿಡಗಳು ಫಲ ಕೊಡುವ ಹೊತ್ತಿಗೆ ನೀರು ತಪ್ಪಿದರೆ ಆ ಐದಾರು ವರ್ಷಗಳೂ ಮಣ್ಣುಪಾಲಾದಂತೆಯೇ ಸರಿ.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: "ಮೋಟಾರು ಸುಟ್ಟಿದೆ, ಮೇಲೆತ್ತಿಸಿ." ಮೇಲೆತ್ತುವುದೆಂದರೆ ಸುಲಭದ ಮಾತಲ್ಲ. ಇಪ್ಪತ್ತು ಅಡಿಗಳ ಒಂದೊಂದು ಪೈಪನ್ನೂ ಬಿಚ್ಚುತ್ತ ಬರಬೇಕು. 600 ಅಡಿಯ ಆಳದಲ್ಲಿ ಮೋಟಾರು ಇದ್ದರೆ ಮೂವತ್ತು ಪೈಪುಗಳಾಗುತ್ತವೆ. ಆಳುಗಳ ಕೂಲಿ, ಎತ್ತುವ ಯಂತ್ರದ ಬಾಡಿಗೆ, ಹೊಸ ತಂತಿ ಸುತ್ತಿಸುವ ಖರ್ಚು, ಇವೆಲ್ಲದರ ಜೊತೆಗೆ ತೋಟಕ್ಕೆ ನೀರಿಲ್ಲದ ನಾಲ್ಕಾರು ದಿನಗಳ ನಷ್ಟ. ಇಷ್ಟಾದ ಮೇಲೂ ಮೋಟಾರು ಸುಟ್ಟಿರಲೇ ಇಲ್ಲವೆಂದು ತಿಳಿದುಬರುವುದುಂಟು. ಇಲ್ಲವೆ ಸುಟ್ಟದ್ದಕ್ಕೆ ಕಾರಣ ಬೇರೆಲ್ಲೋ ಇದ್ದು, ಹೊಸದಾಗಿ ಸುತ್ತಿದ ಸುರುಳಿಯೂ ತಿಂಗಳೊಳಗೆ ಬೂದಿಯಾಗುವುದುಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಇಂಥ ಸಂದರ್ಭಕ್ಕೆ ತಕ್ಕುದು. ನಾಡಿಯನ್ನು ನೋಡದೆ ಮದ್ದು ಕೊಡುವ ವೈದ್ಯನಿಂದ ರೋಗಿಗೆ ಹೇಗೆ ಹಾನಿಯೋ ಹಾಗೆಯೇ, ಪರೀಕ್ಷೆಯಿಲ್ಲದೆ ಬಿಚ್ಚಿಹಾಕುವ ಕೈಯಿಂದ ಯಂತ್ರಕ್ಕೂ ಯಂತ್ರದ ಒಡೆಯನಿಗೂ ಹಾನಿ. ಮೋಟಾರಿಗೂ ಒಂದು ನಾಡಿಯುಂಟು. ಅದನ್ನು ಹಿಡಿಯುವ ಬಗೆಯನ್ನು ತಿಳಿಯುವುದಕ್ಕೆ ಮೊದಲು ಆ ಯಂತ್ರದ ಮೈಕಟ್ಟನ್ನು ಸ್ವಲ್ಪ ಅರಿಯಬೇಕು.

ಚಲಿಸುವ ಕಾಂತದಿಂದ ತಂತಿಯಲ್ಲಿ ವಿದ್ಯುತ್ತನ್ನು ಹುಟ್ಟಿಸಬಹುದೆಂದು ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿದನು. ಅದೇ ತತ್ತ್ವವನ್ನು ಮುಂದುವರಿಸಿ, ಪರ್ಯಾಯ ವಿದ್ಯುತ್ತಿನಿಂದ ತಿರುಗುವ ಪ್ರೇರಣ ಮೋಟಾರಿಗೆ ನಿಕೋಲ ಟೆಸ್ಲಾ 1888ರಲ್ಲಿ ಅಮೆರಿಕದಲ್ಲಿ ಪೇಟೆಂಟು ಪಡೆದನು. ನಮ್ಮ ನಾಡೂ ಈ ವಿಷಯದಲ್ಲಿ ಬಹಳ ಹಿಂದೆ ಉಳಿಯಲಿಲ್ಲ. ಕಾವೇರಿಯ ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿ ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಇಂದು ಚಿತ್ರದುರ್ಗದ ಜೋಗಿಮಟ್ಟಿಯ ಸುತ್ತಣ ಗುಡ್ಡಗಳ ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ತಿರುಗಿ ವಿದ್ಯುತ್ತನ್ನು ಹುಟ್ಟಿಸುತ್ತಿವೆ. ಬೆಟ್ಟದ ತುದಿಯಲ್ಲಿ ತಿರುಗುವ ಯಂತ್ರ ವಿದ್ಯುತ್ತನ್ನು ಕೊಡುತ್ತದೆ. ಭೂಮಿಯ ಒಡಲಲ್ಲಿ ತಿರುಗುವ ಯಂತ್ರ ಅದನ್ನು ಉಂಡು ನೀರನ್ನು ಕೊಡುತ್ತದೆ.

ಪ್ರೇರಣ ಮೋಟಾರಿನಲ್ಲಿ ಮುಖ್ಯವಾದ ಭಾಗಗಳು ಎರಡು. ಹೊರಗಿನ ಅಲುಗದ ಭಾಗದಲ್ಲಿ ತಾಮ್ರದ ತಂತಿಯ ಸುರುಳಿಗಳಿವೆ. ಒಳಗೆ ತಿರುಗುವ ಭಾಗವಿದೆ. ಕೃಷಿಯ ದೊಡ್ಡ ಪಂಪುಗಳಿಗೆ ವಿದ್ಯುತ್ತು ಮೂರು ತಂತಿಗಳಲ್ಲಿ ಬರುತ್ತದೆ. ಒಂದೊಂದು ತಂತಿಯನ್ನೂ ಒಂದೊಂದು ಫೇಸ್ ಎನ್ನುತ್ತಾರೆ. ಈ ಮೂರರಲ್ಲಿ ವಿದ್ಯುತ್ತಿನ ಏರಿಳಿತ ಏಕಕಾಲಕ್ಕೆ ಆಗುವುದಿಲ್ಲ. ಒಂದರ ಹಿಂದೊಂದು ಆಗುತ್ತದೆ. ರಾಟೆ ತಿರುಗಿಸುವ ಮೂವರು ಸರದಿಯಂತೆ ಕೈ ಹಾಕಿದರೆ ರಾಟೆ ಎಲ್ಲಿಯೂ ನಿಲ್ಲದೆ ತಿರುಗುವ ಹಾಗೆ, ಮೂರು ಫೇಸುಗಳು ಸೇರಿ ಸುರುಳಿಗಳ ನಡುವೆ ತಿರುಗುವ ಕಾಂತಕ್ಷೇತ್ರವನ್ನು ನಿರ್ಮಿಸುತ್ತವೆ. ಅದರ ಸೆಳೆತಕ್ಕೆ ಸಿಕ್ಕಿ ಒಳಭಾಗ ತಿರುಗುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳದ್ದು. ಆದುದರಿಂದ ಎರಡು ಧ್ರುವಗಳ ಮೋಟಾರಿನಲ್ಲಿ ಕಾಂತಕ್ಷೇತ್ರ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಒಳಭಾಗ ಅದಕ್ಕಿಂತ ಸ್ವಲ್ಪ ಕಡಿಮೆ ವೇಗದಲ್ಲಿ ಅದನ್ನು ಹಿಂಬಾಲಿಸುತ್ತದೆ.

ಈ ಯಂತ್ರದ ಪರಮ ಶತ್ರು ಶಾಖ. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆಂದು ಜೇಮ್ಸ್ ಜೂಲ್ ಎಂಬ ವಿಜ್ಞಾನಿ 1841ರಲ್ಲಿ ಪ್ರಕಟಿಸಿದನು. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ. ಸುರುಳಿಯ ತಂತಿಗೆ ಇರುವ ನಿರೋಧಕ ಹೊದಿಕೆಯ ಆಯುಸ್ಸು, ತನ್ನ ಮಿತಿಯನ್ನು ಮೀರಿದ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಹೆಚ್ಚುಕಡಿಮೆ ಅರ್ಧವಾಗುತ್ತ ಹೋಗುತ್ತದೆ. ಹೊದಿಕೆ ಕರಗಿದರೆ ಒಂದು ಸುತ್ತು ಇನ್ನೊಂದು ಸುತ್ತನ್ನು ಮುಟ್ಟುತ್ತದೆ. ಆಗ ಸುರುಳಿ ಸುಡುತ್ತದೆ. ಹಾಗಾದರೆ ಪ್ರವಾಹ ಮಿತಿ ಮೀರುವುದೇಕೆ? ಕಾರಣಗಳು ಹಲವು. ವೋಲ್ಟೇಜು ತಗ್ಗಿದರೂ ಪಂಪಿನ ಹೊರೆ ತಗ್ಗುವುದಿಲ್ಲ. ಅದೇ ಕೆಲಸವನ್ನು ಮಾಡಲು ಮೋಟಾರು ಹೆಚ್ಚು ಪ್ರವಾಹವನ್ನು ಎಳೆದುಕೊಳ್ಳುತ್ತದೆ. ಓಡುತ್ತಿರುವಾಗ ಮೂರು ಫೇಸುಗಳಲ್ಲಿ ಒಂದು ಕಡಿದುಹೋದರೆ ಮೂವರ ಹೊರೆಯನ್ನು ಇಬ್ಬರು ಹೊರಬೇಕಾಗುತ್ತದೆ. ಆಗ ಉಳಿದ ಎರಡು ತಂತಿಗಳಲ್ಲಿ ಪ್ರವಾಹ ಸುಮಾರು 1.73 ಪಟ್ಟಾಗುತ್ತದೆ, ಶಾಖವಾದರೋ ಹತ್ತಿರ ಹತ್ತಿರ ಮೂರು ಪಟ್ಟು. ಕೃಷಿಗೆ ಮೂರು ಫೇಸಿನ ವಿದ್ಯುತ್ತು ದೊರೆಯುವುದು ದಿನದಲ್ಲಿ ಕೆಲವೇ ಗಂಟೆ. ಉಳಿದ ಹೊತ್ತಿನಲ್ಲಿಯೂ ನೀರೆತ್ತಬೇಕೆಂಬ ಆತುರದಿಂದ ಕಂಡೆನ್ಸರುಗಳನ್ನು ಜೋಡಿಸಿ ಮೋಟಾರನ್ನು ಓಡಿಸುವ ರೂಢಿ ಕೆಲವೆಡೆ ಇದೆ. ಆ ಹೊತ್ತಿಗೆ ನೀರು ಸಿಕ್ಕಿದಂತೆ ಕಂಡರೂ ಸುರುಳಿಯ ಆಯುಸ್ಸು ದಿನದಿನಕ್ಕೆ ಕರಗುತ್ತಿರುತ್ತದೆ.

ಈಗ ಹೊಳಲ್ಕೆರೆಯ ಕಡೆಯ ಒಂದು ಅಡಿಕೆ ತೋಟವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಹುದು. ತೋಟದೊಡೆಯನ ಕೊಳವೆಬಾವಿಯಲ್ಲಿ ಮೋಟಾರು ಮೂರು ತಿಂಗಳಲ್ಲಿ ಎರಡು ಸಲ ಸುಟ್ಟಿತು. ಎರಡು ಸಲವೂ ಅದನ್ನು ಮೇಲೆತ್ತಿಸಿ, ಪಟ್ಟಣಕ್ಕೆ ಕಳುಹಿಸಿ, ಹೊಸ ತಂತಿ ಸುತ್ತಿಸಿದ್ದಾಯಿತು. ತಂತಿ ಸುತ್ತಿದವನು ಪ್ರಾಮಾಣಿಕನೇ. ಅವನ ಕೆಲಸದಲ್ಲಿ ಕುಂದಿರಲಿಲ್ಲ. ಆದರೆ "ಸುಟ್ಟದ್ದು ಏಕೆ?" ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ತೋಟದೊಡೆಯನ ಮಡದಿ ತನ್ನ ಓಲೆಗಳನ್ನು ಒತ್ತೆಯಿಟ್ಟು ಎರಡನೆಯ ಸಲದ ಖರ್ಚಿಗೆ ಹಣ ಒದಗಿಸಿದ್ದಳು. ಮೋಟಾರನ್ನು ಬಾವಿಗೆ ಇಳಿಸಿದ ದಿನ, ಈ ಕೆಲಸದಲ್ಲಿ ತಲೆ ನರೆತ ಒಬ್ಬ ಮೇಸ್ತ್ರಿಯನ್ನು ನೆರೆಯವರು ಕರೆತಂದರು.

ಮೇಸ್ತ್ರಿ ಬಾವಿಯ ಕಡೆಗೆ ನೋಡಲೂ ಇಲ್ಲ. ನೇರವಾಗಿ ಸ್ಟಾರ್ಟರ್ ಪೆಟ್ಟಿಗೆಯ ಬಳಿಗೆ ಹೋದನು. ಮೊದಲು ಮೋಟಾರು ನಿಂತಿರುವಾಗ ಮೂರು ಫೇಸುಗಳ ನಡುವಣ ವೋಲ್ಟೇಜನ್ನು ಎರಡೆರಡಾಗಿ ಅಳೆದನು. ಮೂರೂ ಕಡೆ 415ರ ಆಸುಪಾಸಿನಲ್ಲಿಯೇ ಇತ್ತು. ತೋಟದೊಡೆಯನು, "ಕರೆಂಟು ಸರಿಯಾಗಿದೆಯಲ್ಲ ಮೇಸ್ತ್ರಿ, ಇನ್ನೇನು ನೋಡುವುದಿದೆ?" ಎಂದನು.

"ಎತ್ತು ಕೊಟ್ಟಿಗೆಯಲ್ಲಿ ನಿಂತಿದ್ದಾಗ ಕುಂಟುವುದು ಕಾಣುತ್ತದೆಯೇ ಯಜಮಾನರೆ? ನೊಗ ಹೂಡಿ ನಾಲ್ಕು ಹೆಜ್ಜೆ ನಡೆಸಿದರೆ ತಾನೇ ತಿಳಿಯುವುದು" ಎಂದು ಮೇಸ್ತ್ರಿ ಗುಂಡಿಯನ್ನೊತ್ತಿದನು.

ಮೋಟಾರು ಓಡತೊಡಗಿದ ಮೇಲೆ ಸ್ಟಾರ್ಟರಿನಿಂದ ಹೊರಹೋಗುವ ತಂತಿಗಳ ನಡುವೆ ಮತ್ತೆ ಅಳೆದನು. ಒಂದೆಡೆ 412 ಇತ್ತು. ಉಳಿದೆರಡು ಕಡೆ 385 ಮತ್ತು 388ಕ್ಕೆ ಇಳಿದಿತ್ತು. ಆ ಎರಡು ಅಳತೆಗಳಿಗೂ ಸಾಮಾನ್ಯವಾದ ತಂತಿ ಮೂರನೆಯದು. ಬಳಿಕ ತಂತಿಯನ್ನು ಕಡಿಯದೆಯೇ ಪ್ರವಾಹವನ್ನು ಅಳೆಯುವ ಇಕ್ಕಳದಂಥ ಮೀಟರನ್ನು ಒಂದೊಂದು ತಂತಿಗೂ ಹಿಡಿದನು. ಮೋಟಾರಿನ ಫಲಕದ ಮೇಲೆ 9 ಆಂಪಿಯರ್ ಎಂದು ಬರೆದಿತ್ತು. ಮೊದಲೆರಡು ತಂತಿಗಳಲ್ಲಿ 12 ಮತ್ತು 11.5 ಆಂಪಿಯರ್ ಹರಿಯುತ್ತಿತ್ತು, ಮೂರನೆಯದರಲ್ಲಿ 6.5 ಮಾತ್ರ. ಹೊರೆ ಸಮನಾಗಿ ಹಂಚಿಕೆಯಾಗಿರಲಿಲ್ಲ. 12 ಆಂಪಿಯರ್ ಹರಿಯುವ ಸುರುಳಿಯಲ್ಲಿ ಹುಟ್ಟುವ ಶಾಖ, ಹುಟ್ಟಬೇಕಾದುದರ ಸುಮಾರು 1.8 ಪಟ್ಟು. ಮೇಸ್ತ್ರಿ ಕೂಡಲೇ ಮೋಟಾರನ್ನು ನಿಲ್ಲಿಸಿ, ಮುಖ್ಯ ಸ್ವಿಚ್ಚನ್ನು ಆರಿಸಿ, ಸ್ಟಾರ್ಟರನ್ನು ಬಿಚ್ಚಿದನು. ಮೂರನೆಯ ಫೇಸಿನ ಸಂಪರ್ಕ ಬಿಲ್ಲೆ ಕಪ್ಪಗೆ ಸುಟ್ಟು, ಹುಳು ತಿಂದ ಹಲ್ಲಿನಂತಾಗಿತ್ತು. ಹೊರೆ ಬಿದ್ದಾಗ ಅಲ್ಲಿ ಸುಮಾರು 30 ವೋಲ್ಟ್ ನಷ್ಟವಾಗಿ, ಹತ್ತಿರ ಹತ್ತಿರ 200 ವ್ಯಾಟಿನಷ್ಟು ವಿದ್ಯುತ್ತು ಬರಿಯ ಶಾಖವಾಗಿ ಪೋಲಾಗುತ್ತಿತ್ತು. ಹೊರೆಯಿಲ್ಲದಾಗ ಪ್ರವಾಹವೂ ಇಲ್ಲ, ನಷ್ಟವೂ ಇಲ್ಲ. ಆದುದರಿಂದಲೇ ಮೊದಲ ಅಳತೆಯಲ್ಲಿ ದೋಷ ಅಡಗಿಕೊಂಡಿತ್ತು.

ಮೇಸ್ತ್ರಿಯ ಕಣ್ಣು ಇನ್ನೊಂದು ಕಡೆಗೂ ಬಿತ್ತು. ಪ್ರವಾಹ ಮಿತಿ ಮೀರಿದಾಗ ಮೋಟಾರನ್ನು ತಾನಾಗಿ ನಿಲ್ಲಿಸುವ ಓವರ್‌ಲೋಡ್ ರಿಲೆಯನ್ನು 9 ಆಂಪಿಯರಿಗೆ ನಿಲ್ಲಿಸಬೇಕಾಗಿತ್ತು. ಅದರ ಮುಳ್ಳು 15ರ ಮೇಲಿತ್ತು.

"ಇದನ್ನು ತಿರುಗಿಸಿದವರು ಯಾರು?"

"ನಾನೇ ಮೇಸ್ತ್ರಿ. ಹತ್ತು ನಿಮಿಷಕ್ಕೊಮ್ಮೆ ಬಿದ್ದುಹೋಗುತ್ತಿತ್ತು. ತೋಟಕ್ಕೆ ನೀರು ಹಾಯುವುದೇ ಕಷ್ಟವಾಗಿತ್ತು."

"ಮನೆಗೆ ಕಳ್ಳ ನುಗ್ಗಿದಾಗ ನಾಯಿ ಬೊಗಳಿತು. ನೀವು ಕಳ್ಳನನ್ನು ಹಿಡಿಯಲಿಲ್ಲ, ನಾಯಿಯ ಬಾಯಿ ಕಟ್ಟಿದಿರಿ" ಎಂದನು ಮೇಸ್ತ್ರಿ. ಅವನ ದನಿಯಲ್ಲಿ ನಿಂದೆಯಿರಲಿಲ್ಲ. ತೋಟದೊಡೆಯನು ಮಾತಾಡದೆ ಮಡದಿಯ ಬರಿದಾದ ಕಿವಿಗಳ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದನು. ಹೊಸ ಸಂಪರ್ಕ ಬಿಲ್ಲೆಗಳನ್ನು ಹಾಕಿ, ಸಡಿಲವಾಗಿದ್ದ ತಿರುಪುಗಳನ್ನು ಬಿಗಿದು, ರಿಲೆಯನ್ನು 9ಕ್ಕೆ ತಂದು ಓಡಿಸಿದಾಗ ಮೂರು ತಂತಿಗಳಲ್ಲಿಯೂ ಪ್ರವಾಹ 9ರ ಒಳಗೆ, ಹೆಚ್ಚುಕಡಿಮೆ ಒಂದೇ ಸಮನಾಗಿ ನಿಂತಿತು. ಒಂದು ಸಣ್ಣ ಬಿಲ್ಲೆಯ ದೋಷಕ್ಕಾಗಿ ಎರಡು ಸಲ ಮೋಟಾರು ಬೆಂದಿತ್ತು.

ಈ ಪ್ರಸಂಗದಿಂದ ಪರೀಕ್ಷೆಯ ಒಂದು ಕ್ರಮ ಹೊರಡುತ್ತದೆ. ಸುಲಭವಾದುದನ್ನು ಮೊದಲು, ಕಷ್ಟವಾದುದನ್ನು ಕೊನೆಗೆ. ಕಣ್ಣಿಗೆ ಕಾಣುವುದನ್ನು ಮೊದಲು, ಕಾಣದುದನ್ನು ಬಳಿಕ ನೋಡಬೇಕು. ಬಲ್ಲವನಾದ ಮೇಸ್ತ್ರಿ ತನಗೆ ತಾನೇ ನಾಲ್ಕು ಪ್ರಶ್ನೆಗಳನ್ನು ಹಾಕಿಕೊಳ್ಳುತ್ತಾನೆ.

ಮೊದಲನೆಯದು, ವಿದ್ಯುತ್ತು ಬಂದಿದೆಯೆ? ಇದಕ್ಕೆ ಟೆಸ್ಟರಿನ ದೀಪವನ್ನು ಮಾತ್ರ ನಂಬುವಂತಿಲ್ಲ. ಒಂದು ಫೇಸಿನ ಫ್ಯೂಸ್ ಹೋಗಿದ್ದರೂ, ಉಳಿದ ಫೇಸುಗಳ ವಿದ್ಯುತ್ತು ಮೋಟಾರಿನ ಸುರುಳಿಗಳನ್ನು ಸುತ್ತಿಕೊಂಡು ಬಂದು ಸತ್ತ ತಂತಿಯಲ್ಲಿಯೂ ಟೆಸ್ಟರಿನ ದೀಪವನ್ನು ಬೆಳಗಿಸಬಲ್ಲುದು. ದೀಪ ಹತ್ತಿತೆಂದು ಫೇಸು ಬಂದಿದೆಯೆಂದು ತಿಳಿದರೆ ಮೋಸಹೋದಂತೆ. ಮೂರು ಜೋಡಿಗಳ ನಡುವೆ ವೋಲ್ಟ್‌ಮೀಟರಿನಿಂದ ಅಳೆಯುವುದೇ ಸರಿಯಾದ ದಾರಿ. ಅದನ್ನು ಹೊರೆಯಿಲ್ಲದಾಗ ಒಮ್ಮೆ, ಹೊರೆಯಿದ್ದಾಗ ಒಮ್ಮೆ ಅಳೆಯಬೇಕು.

ಎರಡನೆಯದು, ದಾರಿ ಅಖಂಡವಾಗಿದೆಯೆ? ವಿದ್ಯುತ್ತನ್ನು ಪೂರ್ತಿಯಾಗಿ ಕಡಿದು, ಬಾವಿಗೆ ಹೋಗುವ ಕೇಬಲ್ಲಿನ ಮೂರು ತುದಿಗಳನ್ನು ಬಿಡಿಸಿ, ಎರಡೆರಡರ ನಡುವಣ ರೋಧವನ್ನು ಅಳೆಯಬೇಕು. ಮೂರು ಅಳತೆಗಳೂ ಕೆಲವೇ ಓಮುಗಳಷ್ಟಿದ್ದು ಪರಸ್ಪರ ಸಮನಾಗಿದ್ದರೆ ಸುರುಳಿಗಳು ಆರೋಗ್ಯವಾಗಿವೆ ಎನ್ನಬಹುದು. ಒಂದು ತುದಿಯೊಡನೆ ಮಾಡಿದ ಎರಡು ಅಳತೆಗಳಲ್ಲಿಯೂ ಮೀಟರು ಅನಂತವನ್ನು ತೋರಿಸಿದರೆ, ಆ ತಂತಿ ಎಲ್ಲೋ ಕಡಿದಿದೆ. ಕಡಿದುದು ಕೇಬಲ್ಲಿನ ಬೆಸುಗೆಯೂ ಆಗಿರಬಹುದು. ಒಂದು ಅಳತೆ ಉಳಿದವಕ್ಕಿಂತ ಕಡಿಮೆಯಾಗಿದ್ದರೆ ಸುರುಳಿಯ ಸುತ್ತುಗಳು ಒಂದಕ್ಕೊಂದು ತಗುಲಿರಬಹುದು.

ಮೂರನೆಯದು, ವಿದ್ಯುತ್ತು ದಾರಿ ತಪ್ಪಿ ಸೋರುತ್ತಿದೆಯೆ? ಇದನ್ನು ತಿಳಿಯಲು ಮೆಗ್ಗರ್ ಎಂಬ ಉಪಕರಣ ಬೇಕು. ಅದು 500 ವೋಲ್ಟಿನ ಒತ್ತಡ ಹಾಕಿ, ಸುರುಳಿಗೂ ನೆಲಕ್ಕೂ ನಡುವೆ ಇರುವ ನಿರೋಧಕದ ಬಲವನ್ನು ಅಳೆಯುತ್ತದೆ. ಹತ್ತಾರು ಮೆಗಾಓಮ್ ತೋರಿಸಿದರೆ ನಿಶ್ಚಿಂತೆ. ಒಂದು ಮೆಗಾಓಮಿಗಿಂತ ಕೆಳಗಿಳಿದರೆ ಅಪಾಯದ ಸೂಚನೆ. ನೀರಿನಲ್ಲಿ ಮುಳುಗಿರುವ ಕೇಬಲ್ಲಿನ ಬೆಸುಗೆಯಲ್ಲಿ ಒಂದು ಸಣ್ಣ ಬಿರುಕು ಬಿದ್ದರೂ ಸಾಕು, ಅಳತೆ ಸೊನ್ನೆಗೆ ಬರುತ್ತದೆ. ಮೋಟಾರನ್ನು ಮೇಲೆತ್ತಿದ ಮೇಲೆ ಕೇಬಲ್ಲನ್ನೂ ಮೋಟಾರನ್ನೂ ಬೇರ್ಪಡಿಸಿ ಅಳೆಯದೆ, ಮೋಟಾರೇ ಸುಟ್ಟಿದೆಯೆಂದು ತೀರ್ಮಾನಿಸಬಾರದು.

ನಾಲ್ಕನೆಯದು, ಓಡುವಾಗ ನಾಡಿ ಹೇಗಿದೆ? ಮೂರು ತಂತಿಗಳಲ್ಲಿಯೂ ಪ್ರವಾಹ ಸಮನಾಗಿ ಹೆಚ್ಚಿದ್ದರೆ ದೋಷ ಬಹುಶಃ ಪಂಪಿನಲ್ಲಿದೆ. ಮರಳು ಸಿಕ್ಕಿಕೊಂಡಿರಬಹುದು, ಬೇರಿಂಗು ಸವೆದಿರಬಹುದು. ಸಮನಾಗಿ ಕಡಿಮೆಯಿದ್ದು ನೀರೂ ಬಾರದಿದ್ದರೆ, ಬಾವಿಯ ನೀರೇ ಕೆಳಗಿಳಿದಿರಬಹುದು, ಇಲ್ಲವೆ ಮೋಟಾರಿಗೂ ಪಂಪಿಗೂ ಇರುವ ಕೊಂಡಿ ಮುರಿದಿರಬಹುದು. ಮೋಟಾರಿಗೆ ತಂಪು ದೊರೆಯುವುದು ಅದನ್ನು ಸವರಿಕೊಂಡು ಹರಿಯುವ ನೀರಿನಿಂದ. ಆದುದರಿಂದ ನೀರಿಲ್ಲದೆ ಓಡುವ ಮೋಟಾರು ಕಡಿಮೆ ಪ್ರವಾಹದಲ್ಲಿಯೂ ಬೆಂದುಹೋಗುತ್ತದೆ. ವಿದ್ಯುತ್ತಿನ ಮೀಟರು ಹೀಗೆ ಒಮ್ಮೊಮ್ಮೆ ಅಂತರ್ಜಲದ ಕಥೆಯನ್ನೂ ಹೇಳುತ್ತದೆ.

ಭೂಮಿಯ ಆಳದಲ್ಲಿರುವ ಈ ಯಂತ್ರಕ್ಕೆ ಮಾಳಿಗೆಯ ಮೇಲೆ ಒಬ್ಬ ದಾಯಾದಿಯಿದ್ದಾನೆ. ಅವನೇ ಹವಾನಿಯಂತ್ರಣ ಯಂತ್ರದ ಕಂಪ್ರೆಸರು. ಶಿವನಸಮುದ್ರದ ವಿದ್ಯುತ್ತು ಕೋಲಾರವನ್ನು ತಲುಪಿದ ಅದೇ 1902ರಲ್ಲಿ, ಅಮೆರಿಕದ ವಿಲ್ಲಿಸ್ ಕ್ಯಾರಿಯರ್ ಒಂದು ಮುದ್ರಣಾಲಯದ ಗಾಳಿಯ ತೇವವನ್ನು ಹತೋಟಿಯಲ್ಲಿಡಲು ಆಧುನಿಕ ಹವಾನಿಯಂತ್ರಣವನ್ನು ರೂಪಿಸಿದನು. ಇಂದು ಚಿತ್ರದುರ್ಗ, ಹಿರಿಯೂರುಗಳಂಥ ಊರುಗಳಲ್ಲಿಯೂ ಬ್ಯಾಂಕು, ಆಸ್ಪತ್ರೆ, ಔಷಧದ ಉಗ್ರಾಣಗಳ ಮಾಳಿಗೆಯ ಮೇಲೆ ಇಂಥ ಯಂತ್ರಗಳು ಬಿಸಿಲಿಗೆ ಮೈಯೊಡ್ಡಿ ನಿಂತಿವೆ. ಕೊಳವೆಬಾವಿಯ ಮೋಟಾರು ನೀರಿನಲ್ಲಿ ಮುಳುಗಿದ್ದರೆ, ಕಂಪ್ರೆಸರಿನ ಮೋಟಾರು ಉಕ್ಕಿನ ಗಡಿಗೆಯೊಳಗೆ ಎಣ್ಣೆ ಮತ್ತು ಶೀತಕಾರಿ ಅನಿಲದ ನಡುವೆ ಮುಚ್ಚಿಹೋಗಿದೆ. ಇದನ್ನೂ ಬಿಚ್ಚಿ ನೋಡುವಂತಿಲ್ಲ. ಹೊರಗಿನಿಂದಲೇ ನಾಡಿ ಹಿಡಿಯಬೇಕು.

ಒಂದೇ ಫೇಸಿನಿಂದ ಓಡುವ ಕಂಪ್ರೆಸರಿಗೆ ಮೂರು ಮೊಳೆಗಳಿರುತ್ತವೆ: ಒಂದು ಸಾಮಾನ್ಯವಾದುದು, ಒಂದು ಓಟದ ಸುರುಳಿಯದು, ಒಂದು ಆರಂಭದ ಸುರುಳಿಯದು. ಸಾಮಾನ್ಯ ಮೊಳೆಯಿಂದ ಓಟದ ಮೊಳೆಗೆ 2 ಓಮ್, ಆರಂಭದ ಮೊಳೆಗೆ 4 ಓಮ್ ರೋಧವಿದೆಯೆಂದುಕೊಂಡರೆ, ಓಟದ ಮತ್ತು ಆರಂಭದ ಮೊಳೆಗಳ ನಡುವೆ 6 ಓಮ್ ಇರಬೇಕು. ಎರಡು ಸೇರಿ ಮೂರನೆಯದಾಗುವ ಈ ಸರಳ ಲೆಕ್ಕವೇ ಸುರುಳಿಗಳ ಆರೋಗ್ಯದ ಸಾಕ್ಷಿ. ಈಗ ಒಂದು ಒಗಟನ್ನು ಗಮನಿಸಬೇಕು. ಬಿಸಿಲಿನ ಮಧ್ಯಾಹ್ನ ನಿಂತುಹೋದ ಕಂಪ್ರೆಸರಿನಲ್ಲಿ ಸಾಮಾನ್ಯ ಮೊಳೆಯಿಂದ ಎರಡೂ ಕಡೆಗೆ ಮೀಟರು ಅನಂತವನ್ನು ತೋರಿಸುತ್ತದೆ. ಉಳಿದೆರಡರ ನಡುವೆ ಮಾತ್ರ 6 ಓಮ್ ತೋರಿಸುತ್ತದೆ. ಅವಸರದವನು ಕಂಪ್ರೆಸರು ಸತ್ತಿತೆಂದು ಹೇಳಿ ಹೊಸದನ್ನು ತರಿಸುತ್ತಾನೆ. ವಿಚಾರಮಾಡುವವನು ಹೀಗೆ ಯೋಚಿಸುತ್ತಾನೆ: 6 ಓಮ್ ಬಂದುದರಿಂದ ಎರಡು ಸುರುಳಿಗಳೂ ಅಖಂಡವಾಗಿವೆ. ಕಡಿದಿರುವುದು ಅವೆರಡಕ್ಕೂ ಸಾಮಾನ್ಯವಾದ ದಾರಿ. ಆ ದಾರಿಯಲ್ಲಿ, ಗಡಿಗೆಯೊಳಗೆ, ಶಾಖ ಹೆಚ್ಚಿದಾಗ ತೆರೆದುಕೊಳ್ಳುವ ಒಂದು ರಕ್ಷಕ ಸಾಧನವಿರುತ್ತದೆ. ಅದು ತನ್ನ ಕರ್ತವ್ಯವನ್ನು ಮಾಡಿರಬಹುದು. ಗಂಟೆಗಟ್ಟಲೆ ತಣಿಯಲು ಬಿಟ್ಟು ಮತ್ತೆ ಅಳೆದಾಗ 2 ಮತ್ತು 4 ಓಮ್ ಮರಳಿ ಬಂದರೆ, ಸತ್ತಿತೆಂದುಕೊಂಡ ಯಂತ್ರ ಬದುಕಿದೆಯೆಂದಾಯಿತು.

ಆದರೆ ಪರೀಕ್ಷೆ ಅಲ್ಲಿಗೆ ಮುಗಿಯದು. ಅಷ್ಟು ಕಾದುದೇಕೆ? ಶಾಖವನ್ನು ಹೊರಚೆಲ್ಲುವ ರೆಕ್ಕೆಗಳ ಸಂದಿನಲ್ಲಿ ಬಯಲುಸೀಮೆಯ ಕೆಂಧೂಳು ತುಂಬಿರಬಹುದು, ಬೀಸಣಿಗೆ ನಿಂತಿರಬಹುದು, ಆರಂಭಕ್ಕೆ ನೆರವಾಗುವ ಕಂಡೆನ್ಸರು ತನ್ನ ಧಾರಣಶಕ್ತಿಯನ್ನು ಕಳೆದುಕೊಂಡಿರಬಹುದು. ಮೈಮೇಲೆ 35 ಮೈಕ್ರೋಫ್ಯಾರಡ್ ಎಂದು ಬರೆದಿರುವ ಕಂಡೆನ್ಸರು ಅಳೆದಾಗ 20ನ್ನು ಮಾತ್ರ ತೋರಿಸಿದರೆ, ಮೋಟಾರು ಗುಂಯ್‌ಗುಟ್ಟುತ್ತ ನಿಲ್ಲುವುದೇ ಹೊರತು ತಿರುಗಲಾರದು. ಕಂಪ್ರೆಸರಿನ ಬೆಲೆಯೆಲ್ಲಿ, ಕಂಡೆನ್ಸರಿನ ಬೆಲೆಯೆಲ್ಲಿ! ಆಸ್ಪತ್ರೆಯ ಉಗ್ರಾಣದಲ್ಲಿ ತಂಪನ್ನು ಕಾದುಕೊಂಡಿರುವ ಔಷಧಗಳಿಗಂತೂ ಒಂದು ಹಗಲಿನ ತಪ್ಪು ತೀರ್ಮಾನವೂ ದುಬಾರಿಯಾದುದು.

ಇಷ್ಟನ್ನು ಓದಿದ ಮಾತ್ರಕ್ಕೆ ಯಾರೂ ಸ್ಟಾರ್ಟರ್ ಪೆಟ್ಟಿಗೆಗೆ ಕೈಹಾಕತಕ್ಕದ್ದಲ್ಲ. ವಿದ್ಯುತ್ತು ತಪ್ಪನ್ನು ಕ್ಷಮಿಸದು. ಒದ್ದೆಯಾದ ನೆಲ, ಬರಿಗಾಲು, ಅರ್ತಿಂಗ್ ಇಲ್ಲದ ಕಬ್ಬಿಣದ ಪೆಟ್ಟಿಗೆ, ಈ ಮೂರು ಒಂದೆಡೆ ಸೇರಿದರೆ ಮೃತ್ಯುವಿಗೆ ಆಹ್ವಾನ ಕೊಟ್ಟಂತೆ. ವಿದ್ಯುತ್ತನ್ನು ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ವಿದ್ಯುತ್ತು ಅಡಗಿರುತ್ತದೆ. ಅದನ್ನು ತಕ್ಕ ಸಾಧನದಿಂದ ಬರಿದುಮಾಡದೆ ಮುಟ್ಟಬಾರದು. ಟಿ.ಸಿ.ಯ ಫ್ಯೂಸ್ ಹೋದರೆ ಲೈನ್‌ಮನ್ನನಿಗೆ ತಿಳಿಸಬೇಕೇ ಹೊರತು ಕೋಲಿನಿಂದ ತಂತಿ ಸಿಕ್ಕಿಸುವ ಸಾಹಸ ಕೂಡದು. ಒಂದು ಸರದಿಯ ನೀರು ತಪ್ಪಿದರೆ ತೋಟ ಬಾಡೀತು. ಆದರೆ ಜೀವ ತಪ್ಪಿದರೆ ಮನೆಯೇ ಬಾಡುತ್ತದೆ. ಅಳತೆಯ ಕೆಲಸ ತರಬೇತಿ ಪಡೆದವರದು. ವಿದ್ಯಾರ್ಥಿಗಳ ಕೆಲಸ, ಅವರು ಅಳೆಯುವಾಗ ದೂರ ನಿಂತು ನೋಡುವುದು, ಅಂಕಿಗಳನ್ನು ಬರೆದಿಡುವುದು, ಕಾರಣವನ್ನು ಕೇಳುವುದು.

ಬರೆದಿಡುವುದೂ ಸಣ್ಣ ಕೆಲಸವಲ್ಲ. ಮೋಟಾರು ಆರೋಗ್ಯವಾಗಿರುವಾಗ ಮೂರು ತಂತಿಗಳ ಪ್ರವಾಹ, ವೋಲ್ಟೇಜು, ನೀರು ಮೇಲೆ ಬರಲು ಹಿಡಿಯುವ ಹೊತ್ತು, ಇವನ್ನು ತಿಂಗಳಿಗೊಮ್ಮೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದಿಟ್ಟರೂ ಸಾಕು, ರೋಗ ಬರುವ ಮೊದಲೇ ಅದರ ಸುಳಿವು ಸಿಕ್ಕುತ್ತದೆ. ತಂದೆಗೆ ಓದು ಬಾರದ ಮನೆಯಲ್ಲಿ ಒಂಬತ್ತನೆಯ ತರಗತಿಯ ಮಗಳು ಈ ಲೆಕ್ಕವನ್ನು ಇಡಬಲ್ಲಳು. ಗಣಿತದ ಪುಸ್ತಕದಲ್ಲಿ ಕಲಿತ ಸರಾಸರಿ, ವಿಜ್ಞಾನದ ಪುಸ್ತಕದಲ್ಲಿ ಕಲಿತ ಓಮನ ನಿಯಮ, ಎರಡೂ ಅಲ್ಲಿ ತೋಟಕ್ಕೆ ನೀರಾಗಿ ಹರಿಯುತ್ತವೆ.

ಯಂತ್ರವು ಕೆಟ್ಟಾಗ ಅದನ್ನು ಬೈಯುವುದೂ, ವಿಧಿಯನ್ನು ಹಳಿಯುವುದೂ ಸುಲಭ. ಕಾರಣವನ್ನು ಹುಡುಕುವುದು ಕಷ್ಟ. ಕಷ್ಟವಾದರೂ ಅದೊಂದೇ ದಾರಿ. ಊಹೆಯನ್ನು ಅಳತೆಯಿಂದ ಒರೆಗೆ ಹಚ್ಚಬೇಕು. ಅಳತೆ ಹೇಳಿದ ಮಾತನ್ನು ವಿಚಾರದಿಂದ ತೂಗಬೇಕು. ಎಚ್ಚರಿಸುವ ಕಾವಲುಗಾರನ ಬಾಯಿಯನ್ನು ಎಂದಿಗೂ ಕಟ್ಟಬಾರದು. ಈ ಮೂರನ್ನು ಕಲಿತವನಿಗೆ ನೂರಾರು ಅಡಿಗಳ ಆಳದಲ್ಲಿ, ಕತ್ತಲೆಯಲ್ಲಿ, ಸದ್ದಿಲ್ಲದೆ ದುಡಿಯುವ ಮೋಟಾರೂ ತನ್ನ ನೋವನ್ನು ತಾನೇ ಹೇಳಿಕೊಳ್ಳುತ್ತದೆ.